ಇಂಗ್ಲಿಷ್ ವಾಕ್ಯದಲ್ಲಿ ಲ್ಯಾಟಿನ್, ಫ್ರೆಂಚ್, ಸ್ಪ್ಯಾನಿಷ್ ಮಾತು ಬಳಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕಾಲೇಜಿನಲ್ಲಿ ಬೋನಾಫೈಡ್ ಕೇಳಿ ಪಡೆದಿರುತ್ತೀರಿ. ಸೊಸೈಟಿಯ ಸಭೆ ಕೋರಂ ಆಗದೆ ಮುಂದಕ್ಕೆ ಹೋದದ್ದು ನೋಡಿರುತ್ತೀರಿ. ಬ್ಯಾಂಕಿನ ಸಾಲದ ಕಾಗದದಲ್ಲಿ ‘ಪರ್ ಆನಮ್’ ಓದಿರುತ್ತೀರಿ. ನೆರೆ ಬಂದಾಗ ಸರ್ಕಾರ ಕೊಡುವ ಹಣಕ್ಕೆ ‘ಎಕ್ಸ್ ಗ್ರೇಷಿಯಾ’ ಅನ್ನುವುದೂ ಗೊತ್ತು. ಇವೆಲ್ಲ ಲ್ಯಾಟಿನ್. ಮದುವೆ ಕಾರ್ಡಿನ ಮೂಲೆಯಲ್ಲಿರುವ ‘ಆರ್‌ಎಸ್‌ವಿಪಿ’ ಫ್ರೆಂಚ್. ಮಳೆಗಾಲ ಕೈಕೊಟ್ಟ ವರ್ಷ ಎಲ್ಲರ ಬಾಯಲ್ಲೂ ಬರುವ ‘ಎಲ್ ನಿನ್ಯೊ’ ಸ್ಪ್ಯಾನಿಷ್. ಅಂದರೆ ಈ ಮಾತುಗಳ ಜೊತೆ ನಮ್ಮ ಒಡನಾಟ ಹಳೆಯದೇ. ಹೆದರುವಂಥದ್ದು ಏನೂ ಇಲ್ಲ.

ತೊಡಕು ಶುರುವಾಗುವುದು ನಾವೇ ಇಂಗ್ಲಿಷಿನಲ್ಲಿ ಬರೆಯಲು ಕೂತಾಗ. ಕಾರವಾರದ ಕಚೇರಿಗೆ ಒಂದು ಅರ್ಜಿ, ಗೋಕರ್ಣದ ಹೋಮ್‌ಸ್ಟೇಗೆ ಒಂದು ಮೆನು ಕಾರ್ಡ್, ಶಿರಸಿಯ ಕಾಲೇಜಿಗೆ ಒಂದು ಪ್ರಾಜೆಕ್ಟ್ ವರದಿ. ಇಂಥ ಬರಹಗಳಲ್ಲಿ ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಅರ್ಥ ಗೊತ್ತಿಲ್ಲದೆ ಆದವಲ್ಲ. ಅರ್ಥ ಯಾವ ಡಿಕ್ಷನರಿಯಲ್ಲೂ ಸಿಗುತ್ತದೆ. ಆ ಮಾತು ವಾಕ್ಯದಲ್ಲಿ ಎಲ್ಲಿ ಕೂರಬೇಕು, ಅದರ ಹಿಂದೆ ಮುಂದೆ ಏನು ಬರಬೇಕು ಅನ್ನುವುದು ಗೊತ್ತಿಲ್ಲದೆ ಆದವು. ಅದಕ್ಕೇ ಈ ಬರಹದಲ್ಲಿ ಎರಡನೇ ಹೆಜ್ಜೆ ಉದ್ದವಾಗಿದೆ. ಸಮಯ ಕಡಿಮೆ ಇದ್ದವರು ಅದೊಂದನ್ನಾದರೂ ಪೂರ್ತಿ ಓದಿ.

ಹೆಜ್ಜೆ 1: ಈ ಮಾತು ಇಲ್ಲಿ ಬೇಕಾ?

ಪೆನ್ನು ಎತ್ತುವ ಮೊದಲು ಇದನ್ನು ಕೇಳಿಕೊಳ್ಳಿ. ಕೆಲವು ಮಾತುಗಳಿಗೆ ಬದಲಿ ಇಲ್ಲ. ಸಂವಿಧಾನದ 226ನೇ ವಿಧಿಯ ಪ್ರಕಾರ ಹೈಕೋರ್ಟಿಗೆ ಹೋಗುವವರು ‘ಹೇಬಿಯಸ್ ಕಾರ್ಪಸ್’, ‘ಮ್ಯಾಂಡಮಸ್’, ‘ಸರ್ಷಿಯೊರರಿ’, ‘ಕ್ವೋ ವಾರಂಟೊ’ ಅಂತ ರಿಟ್ ಅರ್ಜಿಯ ಹೆಸರನ್ನೇ ಬರೆಯಬೇಕು. ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುವ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅರ್ಜಿಗಳಲ್ಲೂ ಅದೇ ಹೆಸರು ಇರುತ್ತದೆ. ಅಲ್ಲಿ ಸರಳ ಇಂಗ್ಲಿಷ್ ಹುಡುಕುವ ಅಗತ್ಯ ಇಲ್ಲ. ‘ಕೋರಂ’, ‘ಎಲ್ ನಿನ್ಯೊ’ ಕೂಡ ಇದೇ ಗುಂಪಿನವು.

ಇನ್ನು ಕೆಲವು ಮಾತು ಉದ್ದವನ್ನು ಕಡಿಮೆ ಮಾಡುತ್ತವೆ. ‘ಪರ್ ಕ್ಯಾಪಿಟಾ’ ಅಂದರೆ ತಲಾ ಇಷ್ಟು. ‘ವೈಸ್ ವರ್ಸಾ’ ಅಂದರೆ ಅತ್ತಿಂದ ಇತ್ತಲೂ ಹಾಗೆಯೇ. ‘ಬಸಸ್ ರನ್ ಫ್ರಮ್ ಅಂಕೋಲಾ ಟು ಕಾರವಾರ ಅಂಡ್ ವೈಸ್ ವರ್ಸಾ.’ ಇಡೀ ಇನ್ನೊಂದು ವಾಕ್ಯ ಉಳಿಯಿತು. ಇಂಥವನ್ನು ಧೈರ್ಯವಾಗಿ ಬಳಸಿ.

ಮೂರನೆಯದು ಬರೀ ಅಲಂಕಾರ. ‘ಕ್ರೆಮ್ ದ ಲಾ ಕ್ರೆಮ್’ (ಉತ್ತಮರಲ್ಲಿ ಉತ್ತಮ), ‘ಜ್ವಾ ದ ವೀವ್ರ್’ (ಬದುಕಿನ ಉಲ್ಲಾಸ), ‘ಸೆ ಲಾ ವೀ’ (ಬದುಕು ಅಂದರೆ ಹೀಗೇ). ಓದುವವರಿಗೆ ಇವು ಗೊತ್ತಿವೆ ಅನ್ನುವ ಖಾತ್ರಿ ಇದ್ದರೆ ಒಂದು ಪುಟಕ್ಕೆ ಒಂದು ಸಾಕು. ಕೆಲಸದ ಅರ್ಜಿಯಲ್ಲಿ ಒಂದೂ ಬೇಡ. ಅರ್ಜಿ ಓದುವ ಅಧಿಕಾರಿಗೆ ನಿಮ್ಮ ಓದು, ಅನುಭವ ಬೇಗ ಸಿಗಬೇಕು. ನಡುವೆ ಅಲಂಕಾರ ಬಂದರೆ ಅವರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹೆಜ್ಜೆ 2: ವಾಕ್ಯದಲ್ಲಿ ಅದರ ಜಾಗ ಹುಡುಕಿ

ಇದೇ ಮುಖ್ಯ ಹೆಜ್ಜೆ. ಎರವಲು ಬಂದ ಮಾತು ನಾಮಪದವೋ, ಗುಣ ಹೇಳುವ ಪದವೋ, ಕ್ರಿಯೆಗೆ ಅಂಟಿಕೊಳ್ಳುವ ಪದವೋ ಅಂತ ಮೊದಲು ತಿಳಿಯಬೇಕು. ಡಿಕ್ಷನರಿಯಲ್ಲಿ ಅರ್ಥಕ್ಕಿಂತ ಮೊದಲೇ ಸಣ್ಣ ಅಕ್ಷರದಲ್ಲಿ ಅದನ್ನು ಕೊಟ್ಟಿರುತ್ತಾರೆ. ನಾವು ಸುಮ್ನೆ ದಾಟಿ ಹೋಗುತ್ತೇವೆ.

‘ಬೋನಾ ಫೈಡ್’ ಗುಣ ಹೇಳುವ ಪದ. ಅದರ ಮುಂದೆ ಒಂದು ನಾಮಪದ ಬೇಕು. ‘ಶೀ ಈಸ್ ಎ ಬೋನಾ ಫೈಡ್ ಸ್ಟೂಡೆಂಟ್ ಆಫ್ ದಿಸ್ ಕಾಲೇಜ್.’ ಕಾಲೇಜಿನ ಕಿಟಕಿಯಲ್ಲಿ ‘ಬೋನಾಫೈಡ್ ಕೊಡಿ’ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಅದು ಬಾಯಿಮಾತು. ಬರೆಯುವಾಗ ‘ಬೋನಾ ಫೈಡ್ ಸರ್ಟಿಫಿಕೇಟ್’ ಅಂತ ಬರೆಯಿರಿ, ಎರಡು ಪದಗಳ ನಡುವೆ ಜಾಗ ಬಿಡಿ. ಒಬ್ಬರ ಪ್ರಾಮಾಣಿಕತೆಯ ಗುರುತು ಅನ್ನುವ ಅರ್ಥ ಬೇಕಾದರೆ ಕೊನೆಗೆ ಎಸ್ ಇರುವ ‘ಬೋನಾ ಫೈಡ್ಸ್’ ಬೇರೆಯೇ ಇದೆ. ಅದು ನಾಮಪದ.

‘ಪರ್ ಸೇ’ ಅಂದರೆ ತನ್ನಷ್ಟಕ್ಕೆ ತಾನು. ಇದು ಸಾಮಾನ್ಯವಾಗಿ ತಾನು ಹೇಳುವ ಪದದ ನಂತರ ಬರುತ್ತದೆ, ಹೆಚ್ಚಾಗಿ ಇಲ್ಲ ಎನ್ನುವ ವಾಕ್ಯದಲ್ಲಿ. ‘ದಿ ದೇವಿಮನೆ ಘಾಟ್ ಈಸ್ ನಾಟ್ ಡೇಂಜರಸ್ ಪರ್ ಸೇ, ಸ್ಪೀಡಿಂಗ್ ಇನ್ ದಿ ರೇನ್ ಈಸ್.’ ಘಟ್ಟ ಅಂದಾಕ್ಷಣ ಅಪಾಯ ಅಲ್ಲ, ಮಳೆಯಲ್ಲಿ ವೇಗ ಅಪಾಯ. ಹೀಗೆ ಒಂದನ್ನು ಬಿಡಿಸಿ ಇನ್ನೊಂದನ್ನು ತೋರಿಸುವಾಗ ಮಾತ್ರ ಇದರ ಕೆಲಸ. ವಾಕ್ಯಕ್ಕೆ ತೂಕ ಬರಲಿ ಅಂತ ಎಲ್ಲೆಂದರಲ್ಲಿ ಸೇರಿಸಿದರೆ ಅರ್ಥ ಇರುವುದಿಲ್ಲ.

‘ಪಾರ್ ಎಕ್ಸಲೆನ್ಸ್’ ಅಂದರೆ ಸಾಟಿಯಿಲ್ಲದ. ಇದು ಯಾವಾಗಲೂ ನಾಮಪದದ ನಂತರ ಬರುತ್ತದೆ. ‘ಎ ಯಕ್ಷಗಾನ ಆರ್ಟಿಸ್ಟ್ ಪಾರ್ ಎಕ್ಸಲೆನ್ಸ್’ ಸರಿ. ‘ಎ ಪಾರ್ ಎಕ್ಸಲೆನ್ಸ್ ಆರ್ಟಿಸ್ಟ್’ ತಪ್ಪು. ಕನ್ನಡದಲ್ಲಿ ಗುಣ ಹೇಳುವ ಪದ ಮೊದಲು ಬರುವುದರಿಂದ ನಮಗೆ ಈ ತಪ್ಪು ಬಹಳ ಸಹಜ. ಬರೆದಾದ ಮೇಲೆ ಒಮ್ಮೆ ತಿರುಗಿ ನೋಡಿ.

ಸ್ಪ್ಯಾನಿಷಿನ ‘ಅಫಿಶಿಯೊನಾಡೊ’ ಅಂದರೆ ಒಂದು ಕಲೆಯನ್ನೋ ಆಟವನ್ನೋ ಒಳಹೊಕ್ಕು ಬಲ್ಲ ಅಭಿಮಾನಿ. ಅದು ನಾಮಪದ, ಎಣಿಸಬಹುದಾದದ್ದು. ಹಾಗಾಗಿ ಮೊದಲು ‘ಆನ್’ ಬೇಕು. ‘ಹೀ ಈಸ್ ಆನ್ ಅಫಿಶಿಯೊನಾಡೊ ಆಫ್ ಯಕ್ಷಗಾನ’ ಅನ್ನಬಹುದು, ‘ಎ ಯಕ್ಷಗಾನ ಅಫಿಶಿಯೊನಾಡೊ’ ಕೂಡ ಸರಿ. ಬಡಗುತಿಟ್ಟಿನ ಆಟಕ್ಕೆ ರಾತ್ರಿಯಿಡೀ ಕೂತು, ಭಾಗವತರ ಪದ್ಯದಲ್ಲಿ ಒಂದು ತಾಳ ಹೆಚ್ಚುಕಡಿಮೆಯಾದರೂ ಗುರುತಿಸುವ ಪ್ರೇಕ್ಷಕರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಅವರನ್ನು ಕರೆಯಲು ಇದಕ್ಕಿಂತ ಒಳ್ಳೆಯ ಪದ ಇಂಗ್ಲಿಷಿನಲ್ಲಿ ನನಗೆ ಕಂಡಿಲ್ಲ. ‘ಫ್ಯಾನ್’ ಅಂದರೆ ಅಷ್ಟು ಬಲ್ಲವರು ಅನ್ನುವುದು ಬರುವುದಿಲ್ಲ.

‘ವೀಸಾವೀ’ ಫ್ರೆಂಚ್. ಮೂಲದಲ್ಲಿ ಮುಖಾಮುಖಿ, ಇಂಗ್ಲಿಷಿನಲ್ಲಿ ಒಂದನ್ನು ಇನ್ನೊಂದರ ಎದುರು ಇಟ್ಟು ನೋಡುವುದು. ‘ದಿ ಪ್ರೈಸ್ ಆಫ್ ಅರೆಕಾನಟ್ ವೀಸಾವೀ ಪೆಪ್ಪರ್.’ ಶಿರಸಿಯ ವಖಾರಿ ಲೆಕ್ಕದ ಬಗ್ಗೆ ಬರೆಯುವಾಗ ಚೆನ್ನಾಗಿ ಕೂರುತ್ತದೆ. ‘ಮೂಲಕ’ ಅನ್ನುವ ಅರ್ಥದಲ್ಲಿ ‘ಐ ವೆಂಟ್ ಟು ಹುಬ್ಬಳ್ಳಿ ವೀಸಾವೀ ಯಲ್ಲಾಪುರ’ ಅಂತ ಬರೆಯಬೇಡಿ. ಅಲ್ಲಿ ಬೇಕಾದದ್ದು ‘ವಯಾ’, ಅದೂ ಲ್ಯಾಟಿನ್ನೇ.

‘ಎನ್ ರೂಟ್’ ಅಂದರೆ ದಾರಿಯಲ್ಲಿ. ಬರೆಯುವುದು ಇ, ಎನ್. ಬಹಳ ಜನ ಉಚ್ಚರಿಸುವುದು ‘ಆನ್ ರೂಟ್’. ಕಿವಿಗೆ ಕೇಳಿದಂತೆ ಓ, ಎನ್ ಬರೆಯುವವರೂ ಇದ್ದಾರೆ, ‘ಆನ್ ಎನ್ ರೂಟ್’ ಅಂತ ಎರಡನ್ನೂ ಸೇರಿಸುವವರೂ ಇದ್ದಾರೆ. ‘ವಿ ಸ್ಟಾಪ್ಡ್ ಅಟ್ ಕುಮಟಾ ಎನ್ ರೂಟ್ ಟು ಹೊನ್ನಾವರ.’ ಇಷ್ಟೇ.

‘ಡಿ ಫ್ಯಾಕ್ಟೊ’ ಅಂದರೆ ಕಾಗದದಲ್ಲಿ ಇಲ್ಲದಿದ್ದರೂ ನಡೆಯುತ್ತಿರುವುದು. ‘ಡಿ ಜೂರಿ’ ಅಂದರೆ ಕಾನೂನಿನ ಪ್ರಕಾರ ಇರುವುದು. ಇವೆರಡನ್ನು ಜೋಡಿಯಾಗಿಯೇ ಕಲಿಯಿರಿ. ‘ಆಡ್ ಹಾಕ್’ ಒಂದು ಕೆಲಸಕ್ಕೆಂದೇ ಮಾಡಿದ್ದು, ‘ಆನ್ ಆಡ್ ಹಾಕ್ ಕಮಿಟಿ’. ‘ಸಬ್ ಜುಡಿಸಿ’ ಅಂದರೆ ಕೋರ್ಟಿನ ವಿಚಾರಣೆಯಲ್ಲಿರುವುದು, ಹೆಚ್ಚಾಗಿ ಕ್ರಿಯಾಪದದ ನಂತರ ಬರುತ್ತದೆ, ‘ದಿ ಮ್ಯಾಟರ್ ಈಸ್ ಸಬ್ ಜುಡಿಸಿ’. ‘ಸೈನಿ ಡೈ’ ಸಭೆ ಮುಂದೂಡುವಾಗ ಮಾತ್ರ: ‘ದಿ ಹೌಸ್ ವಾಸ್ ಅಡ್ಜರ್ನ್ಡ್ ಸೈನಿ ಡೈ’, ಮುಂದಿನ ದಿನ ಗೊತ್ತು ಮಾಡದೆ. ‘ಫೆಟ್ ಅಕಾಂಪ್ಲಿ’ ಅಂದರೆ ಆಗಿಹೋದ, ಇನ್ನು ಬದಲಿಸಲಾಗದ ಸಂಗತಿ. ಅದು ನಾಮಪದ, ಮೊದಲು ‘ಎ’ ಬೇಕು.

ಕೋರ್ಟು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣಕ್ಕೆ ನಮ್ಮಲ್ಲಿ ‘ಸುವೋ ಮೋಟು’ ಅನ್ನುತ್ತೇವೆ. ಕೊನೆಯ ಅಕ್ಷರ ಯು. ಓ ಹಾಕಿ ‘ಮೋಟೊ’ ಮಾಡುವ ತಪ್ಪು ಪತ್ರಿಕೆಗಳಲ್ಲೂ ಕಾಣುತ್ತದೆ. ಅಮೆರಿಕದ ಕೋರ್ಟುಗಳಲ್ಲಿ ಇದೇ ವಿಚಾರಕ್ಕೆ ‘ಸುವಾ ಸ್ಪಾಂಟೆ’ ಬಳಸುತ್ತಾರೆ. ಅಲ್ಲಿನ ಓದುಗರಿಗೆ ಬರೆಯುವಾಗ ಇದು ನೆನಪಿರಲಿ.

ಹೆಜ್ಜೆ 3: ಐ.ಇ. ಮತ್ತು ಇ.ಜಿ. ಬೇರೆ ಮಾಡಿ

ಈ ಎರಡು ಅದಲುಬದಲಾದರೆ ನಿಜವಾಗಿ ಯಾರಿಗೋ ತೊಂದರೆ ಆಗುತ್ತದೆ. ‘ಐ.ಇ.’ ಅಂದರೆ ‘ಇಡ್ ಎಸ್ಟ್’: ಅಂದರೆ, ಬೇರೆ ಮಾತಿನಲ್ಲಿ ಹೇಳುವುದಾದರೆ. ‘ಇ.ಜಿ.’ ಅಂದರೆ ‘ಎಕ್ಸೆಂಪ್ಲಿ ಗ್ರೇಷಿಯಾ’: ಉದಾಹರಣೆಗೆ.

ನೋಟಿಸಿನಲ್ಲಿ ‘ಬ್ರಿಂಗ್ ಆನ್ ಐಡೆಂಟಿಟಿ ಪ್ರೂಫ್, ಐ.ಇ. ಆಧಾರ್’ ಅಂತ ಇದ್ದರೆ ಆಧಾರ್ ಒಂದೇ ನಡೆಯುತ್ತದೆ. ‘ಇ.ಜಿ. ಆಧಾರ್’ ಇದ್ದರೆ ವೋಟರ್ ಕಾರ್ಡ್ ತಂದವರೂ ಒಳಗೆ ಹೋಗಬಹುದು. ಜೋಯಿಡಾದ ಒಳಗಿನ ಹಳ್ಳಿಯಿಂದ ಬಸ್ಸು ಹಿಡಿದು ಕಾರವಾರದ ತನಕ ಬಂದವರು ಈ ಎರಡು ಅಕ್ಷರದಿಂದ ವಾಪಸ್ ಹೋಗಬೇಕಾದರೆ ಎಷ್ಟು ಬೇಜಾರು! ನೋಟಿಸ್ ಬರೆಯುವವರು ದಯವಿಟ್ಟು ಇದನ್ನು ಎರಡು ಸಲ ನೋಡಿ. ಸಂಶಯ ಇದ್ದರೆ ‘ಫಾರ್ ಎಕ್ಸಾಂಪಲ್’ ಅಂತಲೇ ಬರೆಯಿರಿ.

ಹೆಜ್ಜೆ 4: ಒಂದೇ ಮಾತನ್ನು ಎರಡು ಸಲ ಹೇಳಬೇಡಿ

‘ಆರ್‌ಎಸ್‌ವಿಪಿ’ ಬಿಡಿಸಿದರೆ ‘ರೆಪೊಂದೆ ಸಿಲ್ ವೂ ಪ್ಲೆ’. ದಯವಿಟ್ಟು ಉತ್ತರ ಕೊಡಿ ಅಂತ. ‘ದಯವಿಟ್ಟು’ ಅದರೊಳಗೇ ಇದೆ. ಹಾಗಾಗಿ ‘ಪ್ಲೀಸ್ ಆರ್‌ಎಸ್‌ವಿಪಿ’ ಬೇಡ. ಕಾರ್ಡಿನಲ್ಲಿ ಅದನ್ನು ಹಾಕಿದ ಮೇಲೆ ಯಾರಿಗೆ, ಯಾವ ದಿನದೊಳಗೆ ತಿಳಿಸಬೇಕು ಅಂತ ಹಾಕಿ. ಬರೀ ಮನೆಯವರ ಹೆಸರಿನ ಪಟ್ಟಿಯ ಮೇಲೆ ಶೀರ್ಷಿಕೆಯಂತೆ ಹಾಕುವ ರೂಢಿ ನಮ್ಮಲ್ಲಿದೆ. ಆಗ ಓದಿದವರು ಉತ್ತರ ಕೊಡುವುದಿಲ್ಲ, ಕೊಡಬೇಕು ಅಂತ ಅವರಿಗೆ ತಿಳಿಯುವುದೂ ಇಲ್ಲ.

‘ಎಟ್ ಸೆಟೆರಾ’ದಲ್ಲಿ ‘ಎಟ್’ ಅಂದರೆ ‘ಮತ್ತು’. ‘ಅಂಡ್ ಎಟ್ಸೆಟ್ರಾ’ ಅಂದರೆ ಮತ್ತು ಮತ್ತು ಆಯಿತು. ‘ಇ.ಜಿ.’ಯಿಂದ ಶುರುವಾದ ಪಟ್ಟಿಯ ಕೊನೆಗೂ ‘ಎಟ್ಸೆಟ್ರಾ’ ಬೇಡ, ಇವು ಕೆಲವು ಉದಾಹರಣೆ ಮಾತ್ರ ಅಂತ ಮೊದಲೇ ಹೇಳಿ ಆಗಿದೆ. ‘ಸೂಪ್ ದು ಜೂರ್ ಆಫ್ ದಿ ಡೇ’ ಅಂದರೆ ಇವತ್ತಿನ ಇವತ್ತಿನ ಸೂಪು.

‘ಎಲ್ ನಿನ್ಯೊ’ದಲ್ಲಿ ‘ಎಲ್’ ಅಂದರೇ ಇಂಗ್ಲಿಷಿನ ‘ದಿ’. ಪೆರು ದೇಶದ ಕರಾವಳಿಯ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಸಮುದ್ರದ ನೀರು ಬೆಚ್ಚಗಾಗುವುದನ್ನು ಕಂಡು ಬಾಲ ಯೇಸುವಿನ ಹೆಸರಿನಲ್ಲಿ ಅದನ್ನು ಕರೆದರು. ಆದ್ದರಿಂದ ‘ಎಲ್ ನಿನ್ಯೊ ವೀಕನ್ಡ್ ದಿ ಮಾನ್ಸೂನ್’ ಅಂದರೆ ಸಾಕು. ಮುಂದೆ ಇನ್ನೊಂದು ನಾಮಪದ ಇದ್ದರೆ, ಉದಾಹರಣೆಗೆ ‘ದಿ ಎಲ್ ನಿನ್ಯೊ ಇಯರ್’, ಆಗ ‘ದಿ’ ಆ ನಾಮಪದದ್ದು. ಅದು ಸರಿ.

ಬೇಕಂತಲೇ ಮತ್ತೆ ಮತ್ತೆ ಹೇಳಬೇಕಾದ ಎರವಲು ಮಾತೂ ಉಂಟು. ದೋಣಿ ಅಪಾಯದಲ್ಲಿದ್ದಾಗ ವಿಎಚ್‌ಎಫ್ ರೇಡಿಯೊ ಸೆಟ್ಟಿನ 16ನೇ ಚಾನೆಲ್ಲಿನಲ್ಲಿ ‘ಮೇಡೇ, ಮೇಡೇ, ಮೇಡೇ’ ಅಂತ ಮೂರು ಸಲ ಹೇಳಬೇಕು. ಅದು ‘ನನಗೆ ಸಹಾಯ ಮಾಡಿ’ ಅನ್ನುವ ಫ್ರೆಂಚಿನ ‘ಮೆದೆ’ಯಿಂದ ಬಂದದ್ದು. 1920ರ ದಶಕದಲ್ಲಿ ಬಳಕೆಗೆ ಬಂತು. ಮೂರು ಸಲ ಯಾಕೆ ಅಂದರೆ, ಗದ್ದಲದಲ್ಲಿ ಬೇರೆ ಮಾತಿನಂತೆ ಕೇಳಬಾರದು. ಜೀವಕ್ಕೆ ತಕ್ಷಣದ ಅಪಾಯ ಇಲ್ಲ, ಆದರೆ ಎಂಜಿನ್ ಕೆಟ್ಟಿದೆ ಅಂದಾಗ ‘ಪ್ಯಾನ್-ಪ್ಯಾನ್’ ಅನ್ನಬೇಕು. ಅದೂ ಫ್ರೆಂಚ್, ಅದನ್ನೂ ಮೂರು ಸಲ. ಬೈತಕೋಲದಿಂದ, ತದಡಿಯಿಂದ ಬೋಟು ಬಿಡುವವರ ಮನೆಯ ಮಕ್ಕಳು ಇಂಗ್ಲಿಷ್ ಕಲಿಯುವಾಗ ಮೊದಲು ಕಲಿಯಬೇಕಾದ ಫ್ರೆಂಚ್ ಇದು ಅಂತ ನನ್ನ ಅಭಿಪ್ರಾಯ.

ಹೆಜ್ಜೆ 5: ಒಬ್ಬರೋ ಹಲವರೋ, ಗಂಡೋ ಹೆಣ್ಣೋ?

‘ಐ ಆಮ್ ಆನ್ ಅಲುಮ್ನೈ ಆಫ್ ದಿಸ್ ಕಾಲೇಜ್’ ಅಂತ ಬಯೋಡೇಟಾಗಳಲ್ಲಿ ಜಾಸ್ತಿ ಕಾಣುತ್ತದೆ. ‘ಅಲುಮ್ನೈ’ ಬಹುವಚನ. ಒಬ್ಬ ಹುಡುಗ ‘ಅಲುಮ್ನಸ್’, ಒಬ್ಬ ಹುಡುಗಿ ‘ಅಲುಮ್ನಾ’. ಹಲವು ಗಂಡಸರು, ಇಲ್ಲವೇ ಗಂಡಸರು ಹೆಂಗಸರು ಸೇರಿದ ಗುಂಪು ‘ಅಲುಮ್ನೈ’. ಹೆಂಗಸರಷ್ಟೇ ಇದ್ದರೆ ‘ಅಲುಮ್ನೀ’, ಕೊನೆಗೆ ಎ, ಇ. ನಿಶ್ಚಿತಾರ್ಥ ಆದ ಹುಡುಗ ‘ಫಿಯಾನ್ಸೆ’, ಕೊನೆಗೆ ಒಂದು ಇ. ಹುಡುಗಿಯಾದರೆ ಎರಡು ಇ. ಉಚ್ಚಾರ ಒಂದೇ. ‘ಕ್ರೈಟೀರಿಯಾ’, ‘ಕರಿಕ್ಯುಲಾ’ ಬಹುವಚನ. ಒಂದೇ ಇದ್ದರೆ ‘ಕ್ರೈಟೀರಿಯನ್’, ‘ಕರಿಕ್ಯುಲಮ್’. ಮೊದಲನೆಯದರ ಮೂಲ ಗ್ರೀಕ್, ನಿಯಮ ಮಾತ್ರ ಇದೇ ಬಗೆಯದು. ಸ್ಪ್ಯಾನಿಷ್ ಮಾತುಗಳು ಸುಲಭ, ಕೊನೆಗೆ ಎಸ್ ಸೇರಿಸಿದರೆ ಆಯಿತು.

ಹೆಜ್ಜೆ 6: ಸ್ಪೆಲಿಂಗ್, ಮತ್ತು ಅಕ್ಷರದ ಮೇಲಿನ ಗುರುತು

‘ಪರ್ ಸೇ’ಯ ಕೊನೆಗೆ ಎಸ್, ಇ. ಎಸ್, ಎ, ವೈ ಅಲ್ಲ. ‘ಇಗೋ ನೋಡಿ’ ಅನ್ನುವ ಫ್ರೆಂಚಿನ ‘ವ್ವಾಲಾ’ದ ಮೊದಲ ಅಕ್ಷರ ವಿ. ಇಂಥವನ್ನು ಕಿವಿ ನಂಬಿ ಬರೆಯಬಾರದು, ನೋಡಿಯೇ ಬರೆಯಬೇಕು.

ಗುರುತುಗಳ ವಿಚಾರದಲ್ಲಿ ಒಂದು ಸರಳ ದಾರಿ ಇದೆ. ಗುರುತು ತೆಗೆದರೆ ಬೇರೆ ಇಂಗ್ಲಿಷ್ ಪದ ಆಗುತ್ತದಾ? ಹಾಗಾದರೆ ಗುರುತು ಬೇಕೇ ಬೇಕು. ಗುಟ್ಟು ಬಯಲು ಮಾಡುವ ವರದಿ ಅನ್ನುವ ‘ಎಕ್ಸ್‌ಪೊಸೆ’ಯ ಗುರುತು ತೆಗೆದರೆ ‘ಎಕ್ಸ್‌ಪೋಸ್’ ಆಗುತ್ತದೆ. ‘ರೆಸ್ಯುಮೆ’ಯೂ ಹಾಗೇ ‘ರೆಸ್ಯೂಮ್’ ಆಗಿಬಿಡುತ್ತದೆ, ಆದರೆ ಅದನ್ನು ಗುರುತಿಲ್ಲದೆ ಬರೆಯುವ ರೂಢಿ ಬಂದಿದೆ, ಜನ ಒಪ್ಪಿದ್ದಾರೆ. ‘ಕೆಫೆ’ಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಸ್ಪ್ಯಾನಿಷಿನಲ್ಲಿ ಎನ್ ಮೇಲಿನ ಅಲೆಯನ್ನು ಬಿಡಬೇಡಿ. ಅಲೆ ಇರುವ ‘ಆನ್ಯೊ’ ಅಂದರೆ ವರ್ಷ. ಅಲೆ ಬಿಟ್ಟರೆ ಅದು ಗುದದ್ವಾರದ ಹೆಸರು. ಸ್ಪೇನಿನ ಅತಿಥಿಗಳಿಗೆ ಹೊಸ ವರ್ಷದ ಶುಭಾಶಯ ಕಳಿಸುವ ಹೋಮ್‌ಸ್ಟೇಯವರು ಇದನ್ನು ಮರೆಯಬಾರದು. ಗೋವಾ ಪಕ್ಕದಲ್ಲೇ ಇರುವುದರಿಂದ ಇನ್ನೊಂದು ಗೊಂದಲವೂ ಇದೆ. ‘ಒಬ್ರಿಗಾದು’ ಪೋರ್ಚುಗೀಸ್. ಸ್ಪ್ಯಾನಿಷಿನಲ್ಲಿ ಧನ್ಯವಾದಕ್ಕೆ ‘ಗ್ರಾಸಿಯಾಸ್’.

ಟೈಪ್ ಮಾಡುವುದು ಕಷ್ಟ ಇಲ್ಲ. ಫೋನಿನ ಇಂಗ್ಲಿಷ್ ಕೀಬೋರ್ಡಿನಲ್ಲಿ ಆ ಅಕ್ಷರವನ್ನು ಒತ್ತಿ ಹಿಡಿದರೆ ಗುರುತುಗಳ ಸಾಲು ಬರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಒತ್ತಿ ಹಿಡಿದು ಬಲಗಡೆಯ ಅಂಕಿಗಳಲ್ಲಿ 0233 ಹೊಡೆದರೆ ಗುರುತಿನ ಇ, 0241 ಹೊಡೆದರೆ ಅಲೆಯ ಎನ್, 0224 ಹೊಡೆದರೆ ‘ವೀಸಾವೀ’ಯ ಎ ಬರುತ್ತದೆ.

ಹೆಜ್ಜೆ 7: ಓರೆ ಅಕ್ಷರ ಯಾವಾಗ?

ಪೋರ್ಚುಗೀಸಿನಿಂದ ಬಂದ ‘ಬಟಾಟೆ’, ‘ಪಗಾರ’ ನಮ್ಮ ಮಾತಿನಲ್ಲಿ ಈಗ ಯಾರಿಗೂ ಪರದೇಶದ್ದು ಅನಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಸಿಯೆಸ್ತಾ’, ‘ಕೆಫೆ’, ‘ಎಟ್ಸೆಟ್ರಾ’, ‘ಆಡ್ ಹಾಕ್’ ಹಾಗೆ ಒಳಗಿನವಾಗಿವೆ. ಅವಕ್ಕೆ ಓರೆ ಅಕ್ಷರ (ಇಟಾಲಿಕ್ಸ್) ಬೇಡ. ಇನ್ನೂ ಹೊರಗಿನದು ಅನಿಸುವ ಮಾತಿಗೆ ಓರೆ ಅಕ್ಷರ ಹಾಕಿ. ಕೈಬರಹದಲ್ಲಿ ಅದರ ಬದಲು ಅಡಿಗೆರೆ. ಇಂಗ್ಲಿಷ್ ಡಿಕ್ಷನರಿಯೇ ಅದನ್ನು ಓರೆಯಾಗಿ ಅಚ್ಚು ಮಾಡಿದೆಯಾ ಅಂತ ನೋಡಿದರೆ ಗೊತ್ತಾಗುತ್ತದೆ. ಒಮ್ಮೆ ಒಂದು ರೀತಿ ಹಿಡಿದರೆ ಕೊನೆಯ ಪುಟದ ತನಕ ಅದೇ ಇರಲಿ.

ಗಿಡಮರಗಳ ಲ್ಯಾಟಿನ್ ಹೆಸರಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಶಿರಸಿಯ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳಿಗೆ ಇದು ದಿನದ ಕೆಲಸ. ಮುರುಗಲು ‘ಗಾರ್ಸೀನಿಯಾ ಇಂಡಿಕಾ’, ಅಡಿಕೆ ‘ಅರೆಕಾ ಕಟೇಚು’. ಯಾವಾಗಲೂ ಓರೆ ಅಕ್ಷರ. ಮೊದಲ ಪದಕ್ಕೆ ದೊಡ್ಡಕ್ಷರ, ಎರಡನೆಯದಕ್ಕೆ ಚಿಕ್ಕದು, ಅದು ದೇಶದ ಹೆಸರಿನಿಂದ ಬಂದಿದ್ದರೂ ಸರಿ. ಎರಡನೇ ಸಲ ಬರೆಯುವಾಗ ‘ಜಿ. ಇಂಡಿಕಾ’ ಸಾಕು. ಸಿದ್ದಾಪುರದ ಕತ್ತಲೆಕಾನಿನ ರಾಂಪತ್ರೆ ಜಡ್ಡಿಯನ್ನು (ರಾಂಪತ್ರೆ ಮರಗಳ ಜೌಗು ಕಾಡನ್ನು) ಇದ್ದಲ್ಲೇ ಕಾಪಾಡುವುದು ‘ಇನ್ ಸಿಟು ಕನ್ಸರ್ವೇಷನ್’, ಸಸಿಗಳನ್ನು ನರ್ಸರಿಯಲ್ಲಿ ಬೆಳೆಸುವುದು ‘ಎಕ್ಸ್ ಸಿಟು’. ವರದಿಯಲ್ಲಿ ಹಲವು ಲೇಖಕರಿದ್ದಾಗ ಬರುವ ‘ಎಟ್ ಆಲ್.’ನಲ್ಲಿ ಚುಕ್ಕೆ ‘ಆಲ್’ ನಂತರ ಮಾತ್ರ. ‘ಎಟ್’ ಪೂರ್ತಿ ಪದ, ಅದಕ್ಕೆ ಚುಕ್ಕೆ ಇಲ್ಲ.

ಹೆಜ್ಜೆ 8: ಬಾಯಲ್ಲಿ ಹೇಗೆ?

ಇಂಟರ್ವ್ಯೂನಲ್ಲಿ ಹೇಳಲು ಹೊರಟಿದ್ದರೆ ಮೊದಲು ಜೋರಾಗಿ ಹೇಳಿ ನೋಡಿ. ‘ಫೋ ಪಾ’ (ಎಡವಟ್ಟು), ‘ಕೂ’ (ಕ್ಷಿಪ್ರಕ್ರಾಂತಿ), ‘ರಾಂದೆವೂ’ (ಭೇಟಿ) ಇವುಗಳಲ್ಲಿ ಕೊನೆಯ ವ್ಯಂಜನ ಕೇಳುವುದಿಲ್ಲ. ಎಲ್ಲ ಕಡೆಯೂ ಹಾಗೆ ಅಂತ ತಿಳಿಯಬೇಡಿ. ಕೊನೆಯ ಪೆಟ್ಟು ಅನ್ನುವ ‘ಕೂ ದ ಗ್ರಾಸ್’ನಲ್ಲಿ ಸ ಕೇಳಲೇಬೇಕು. ಲ್ಯಾಟಿನ್ ಮಾತುಗಳನ್ನು ಇಂಗ್ಲಿಷಿನವರು ತಮ್ಮ ರೀತಿಯಲ್ಲೇ ಹೇಳುತ್ತಾರೆ, ಕೋರ್ಟಿನಲ್ಲಿ ‘ಪ್ರೈಮಾ ಫೇಷಿ’ (ಮೇಲ್ನೋಟಕ್ಕೆ). ನಾಲಿಗೆ ತೊಡರುವ ಮಾತಿದ್ದರೆ ಅದನ್ನು ಬಿಟ್ಟು ಸರಳ ಇಂಗ್ಲಿಷ್ ಹೇಳಿ. ಯಾರೂ ಅಂಕ ಕಳೆಯುವುದಿಲ್ಲ.

ಹೆಜ್ಜೆ 9: ಮೂಲದಲ್ಲಿ ಒಂದು, ಇಂಗ್ಲಿಷಿನಲ್ಲಿ ಇನ್ನೊಂದು

ಮೆನು ಬರೆಯುವವರು ಇದನ್ನು ಗಮನವಿಟ್ಟು ಓದಿ. ‘ಆಂತ್ರೆ’ ಅಂದರೆ ಫ್ರಾನ್ಸಿನಲ್ಲಿ ಊಟದ ಶುರುವಿಗೆ ಕೊಡುವ ತಿನಿಸು. ಅಮೆರಿಕದವರಿಗೆ ಅದೇ ಮುಖ್ಯ ಊಟ. ಗೋಕರ್ಣದ ಓಂ ಬೀಚಿಗೆ ಎರಡೂ ಕಡೆಯವರು ಬರುತ್ತಾರೆ. ಅದಕ್ಕೇ ಈ ಮಾತನ್ನು ಬಿಟ್ಟು ‘ಸ್ಟಾರ್ಟರ್ಸ್’, ‘ಮೇನ್ ಕೋರ್ಸ್’ ಅಂತಲೇ ಹಾಕಿ. ‘ಆ ಲಾ ಕಾರ್ತ್’ ಅಂದರೆ ಬೇಕಾದ್ದನ್ನು ಒಂದೊಂದಾಗಿ ಆರಿಸಿ, ಒಂದೊಂದಕ್ಕೂ ದುಡ್ಡು ಕೊಡುವುದು. ಒಂದೇ ರೇಟಿಗೆ ಬಡಿಸುವ ಗೊತ್ತಾದ ಊಟಕ್ಕೆ ‘ತಾಬ್ಲ ದೋತ್’ ಅನ್ನುವ ಮಾತಿದೆ. ಆದರೆ ‘ಥಾಲಿ’ ಎಲ್ಲರಿಗೂ ತಿಳಿಯುವಾಗ ಅದು ಯಾಕೆ?

‘ಮಾನೊ ಆ ಮಾನೊ’ ಅಂದರೆ ಸ್ಪ್ಯಾನಿಷಿನಲ್ಲಿ ಕೈಗೆ ಕೈ. ಗಂಡಸಿಗೆ ಗಂಡಸು ಅನ್ನುವುದು ತಪ್ಪು ತಿಳಿವಳಿಕೆ. ‘ನಾಮ್ ದ ಪ್ಲೂಮ್’, ಅಂದರೆ ಕಾವ್ಯನಾಮ, ನೋಡಲು ಫ್ರೆಂಚ್. ಕಟ್ಟಿದವರು ಇಂಗ್ಲಿಷಿನವರೇ. ನೀವು ಬರೆಯುತ್ತಿರುವುದು ಇಂಗ್ಲಿಷ್ ಆದ್ದರಿಂದ ಇಂಗ್ಲಿಷಿನಲ್ಲಿ ನಿಂತ ಅರ್ಥವನ್ನೇ ಹಿಡಿಯಿರಿ.

ಹೆಜ್ಜೆ 10: ಒಂದು ಬರಹ ತಿದ್ದಿ ನೋಡೋಣ

ಶಿರಸಿ ಹತ್ತಿರದ ಒಂದು ಹೋಮ್‌ಸ್ಟೇಯ ಬೋರ್ಡಿಗೆ ಹೀಗೆ ಬರೆದಿದ್ದಾರೆ ಅಂತ ಇಟ್ಟುಕೊಳ್ಳಿ.

‘ವೆಲ್ಕಮ್ ಟು ದಿ ಕ್ರೆಮ್ ದ ಲಾ ಕ್ರೆಮ್ ಆಫ್ ಹೋಮ್‌ಸ್ಟೇಸ್. ಸ್ಟಾಪ್ ಹಿಯರ್ ಆನ್ ಎನ್ ರೂಟ್ ಟು ಯಾಣ. ಅವರ್ ಪಾರ್ ಎಕ್ಸಲೆನ್ಸ್ ಕುಕ್ ಸರ್ವ್ಸ್ ಲೋಕಲ್ ಫುಡ್, ಐ.ಇ. ತಂಬುಳಿ, ತೊಡದೇವು, ಅಂಡ್ ಎಟ್ಸೆಟ್ರಾ. ಪ್ಲೀಸ್ ಆರ್‌ಎಸ್‌ವಿಪಿ ಬಿಫೋರ್ ಕಮಿಂಗ್.’

ತಿದ್ದಿದ ಮೇಲೆ: ‘ವೆಲ್ಕಮ್ ಟು ಅವರ್ ಹೋಮ್‌ಸ್ಟೇ, ಎ ಗುಡ್ ಸ್ಟಾಪ್ ಎನ್ ರೂಟ್ ಟು ಯಾಣ. ವಿ ಸರ್ವ್ ಲೋಕಲ್ ಫುಡ್, ಇ.ಜಿ. ತಂಬುಳಿ ಅಂಡ್ ತೊಡದೇವು. ಪ್ಲೀಸ್ ಬುಕ್ ಎ ಡೇ ಅಹೆಡ್.’

‘ಕ್ರೆಮ್ ದ ಲಾ ಕ್ರೆಮ್’ ಹೋಯಿತು, ಅದು ಬೇರೆಯವರು ಹೊಗಳಬೇಕಾದ ಮಾತು. ‘ಎನ್ ರೂಟ್’ ಉಳಿಯಿತು, ಅದರ ಹಿಂದಿನ ‘ಆನ್’ ಹೋಯಿತು. ಅಡುಗೆಯವರ ಹೊಗಳಿಕೆಯ ಜಾಗದಲ್ಲಿ ಅಡುಗೆಯ ಹೆಸರೇ ಸಾಕಾಯಿತು. ಆ ಎರಡೇ ಪದಾರ್ಥ ಬಡಿಸುವುದಿಲ್ಲವಲ್ಲ, ಹಾಗಾಗಿ ‘ಐ.ಇ.’ ಇದ್ದಲ್ಲಿ ‘ಇ.ಜಿ.’ ಬಂತು, ಅದು ಬಂದಾಗ ‘ಎಟ್ಸೆಟ್ರಾ’ ಬೇಡವಾಯಿತು. ‘ಆರ್‌ಎಸ್‌ವಿಪಿ’ ಆಮಂತ್ರಣಕ್ಕೆ ಸೇರಿದ್ದು, ದುಡ್ಡು ಕೊಟ್ಟು ಉಳಿಯುವವರಿಗೆ ಬುಕ್ ಮಾಡಿ ಅಂದರೆ ಆಯಿತು. ಅದರ ಕೆಳಗೆ ಫೋನ್ ನಂಬರ್ ದೊಡ್ಡದಾಗಿ ಬರೆಸಿ.